ಅತ್ತೆ ನೀರು ತುಂಬಿಸುತ್ತಿದ್ದ ಗಾಡಿ

ನಮ್ಮ ಅಡುಗೆಮನೆಯ ನೆಲ ಆ ವರ್ಷ ಒಣಗಿದ್ದೇ ಇಲ್ಲ. ನಲ್ಲಿಯಿಂದ ಬಾಗಿಲಿಗೆ, ಬಾಗಿಲಿನಿಂದ ಮೆಟ್ಟಿಲಿಗೆ, ಮೆಟ್ಟಿಲಿನಿಂದ ರಸ್ತೆಯ ಅಂಚಿಗೆ ಒಂದು ಒದ್ದೆ ದಾರಿ ಬಿದ್ದಿರುತ್ತಿತ್ತು. ಚೆಲ್ಲುವವರು ನಮ್ಮತ್ತೆ, ಒರೆಸುವವಳು ನಾನು. ಅತ್ತೆಯ ಜೊತೆ ನಾನು ಜಗಳವಾಡದ ದಿನವೇ ಇಲ್ಲ ಎಂದು ಪಕ್ಕದ ಮನೆಯವರು ಹೇಳಿಕೊಂಡು ತಿರುಗುತ್ತಾರೆ. ಸುಳ್ಳು. ಒಂದು ಕೈಯಿಂದ ಚಪ್ಪಾಳೆ ಆಗುವುದಿಲ್ಲ. ನಾನು ಕೂಗಾಡುತ್ತಿದ್ದೆ, ಅವರು ಕ್ಯಾನಿಗೆ ನೀರು ಹಿಡಿಯುತ್ತಿದ್ದರು, ಅಷ್ಟೆ.

ಆ ನೀರು ಹೋಗುತ್ತಿದ್ದದ್ದು ಮನೆಯ ಮುಂದೆ ನಿಂತಿದ್ದ ಕ್ಯಾಂಪರ್ ಗಾಡಿಗೆ. ಒಳಗೇ ಹಾಸಿಗೆ, ಒಲೆ, ಪುಟ್ಟದೊಂದು ಸಿಂಕು ಎಲ್ಲ ಇರುವ ಬಿಳಿ ಗಾಡಿ. ಅದರಲ್ಲಿ ನನ್ನ ನಾದಿನಿ, ಅಂದರೆ ಅತ್ತೆಯ ಮಗಳು, ವಾಸವಾಗಿದ್ದಳು. ತವರುಮನೆಯ ಮುಂದೆಯೇ ಇದ್ದಳು, ತವರುಮನೆಯೊಳಗೆ ಮಾತ್ರ ಕಾಲಿಡುತ್ತಿರಲಿಲ್ಲ. ಬೆಳಿಗ್ಗೆ ಎದ್ದು ಔಷಧಿ ಅಂಗಡಿಯ ಕೆಲಸಕ್ಕೆ ಹೋಗುವಳು, ಸಂಜೆ ಬಂದು ಗಾಡಿಯ ಪರದೆ ಎಳೆದುಕೊಳ್ಳುವಳು. ನಮ್ಮ ಬಚ್ಚಲು, ನಮ್ಮ ಊಟದ ಮೇಜು, ನಮ್ಮ ಕುರ್ಚಿ ಯಾವುದೂ ಅವಳಿಗೆ ಬೇಕಿರಲಿಲ್ಲ. ಬೇರೆಲ್ಲಾದರೂ ಹೋಗಿ ನಿಲ್ಲಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ನನ್ನ ಗಂಡ ಗಾಜಿನ ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ ಬಂದು ಹಾಸಿಗೆಯಲ್ಲಿ ಬಿದ್ದವನು, ಕಣ್ಣು ಮುಚ್ಚಿಕೊಂಡೇ, "ಅವಳಿಗೂ ಗೊತ್ತಿಲ್ಲ ಕಣೆ, ಸುಮ್ನಿರು" ಅಂದ.

ಆ ಗಾಡಿಯ ನೀರಿನ ಟ್ಯಾಂಕು ಒಳಗೆ ಬೆಂಚಿನ ಕೆಳಗಿತ್ತು. ತುಂಬಿಸುವ ಬಾಯಿ ಮಾತ್ರ ಹೊರಗಡೆ, ಗಾಡಿಯ ಪಕ್ಕೆಯಲ್ಲಿ, ನಿಂತರೆ ಎದೆಯ ಎತ್ತರಕ್ಕೆ. ಅದಕ್ಕೆ ನೀಲಿ ಮುಚ್ಚಳ. ಅಲ್ಲಿಂದ ಒಂದು ಮೊಳ ಈಚೆಗೆ ಇನ್ನೊಂದು ಬಾಯಿ, ಅದು ಡೀಸೆಲ್ಲಿಗೆ. ಅದಕ್ಕೆ ಕಪ್ಪು ಮುಚ್ಚಳ, ಬೀಗ ಯಾವತ್ತೋ ಮುರಿದುಹೋಗಿತ್ತು. ಅತ್ತೆ ಮೊದಲು ನಲ್ಲಿಯನ್ನು ಬಿಟ್ಟು, ಪೈಪಿನಲ್ಲಿ ನಿಂತ ನೀರು ಹರಿದುಹೋಗಲಿ ಎಂದು ಕಾಯುವರು. ಕ್ಯಾನನ್ನು ಕುಲುಕಿ ತೊಳೆಯುವರು. ಬಾಯಿವರೆಗೆ ತುಂಬುವುದಿಲ್ಲ, ತುಂಬಿದರೆ ಅವರ ಬಲಗಡೆಯ ಭುಜ ಏಳುವುದಿಲ್ಲ. ಹೊರಗೆ ಹೋಗಿ ನೀಲಿ ಮುಚ್ಚಳ ತಿರುಗಿಸಿ, ಆಲಿಕೆಯಿಟ್ಟು, ಅದರ ಮೇಲೆ ಬಿಳಿ ಬಟ್ಟೆಯ ತುಂಡು ಹಾಸಿ, ಕ್ಯಾನನ್ನು ಎದೆಗೊತ್ತಿಕೊಂಡು ಬಗ್ಗಿಸುವರು. ಅವಸರ ಮಾಡಿದರೆ ಒಳಗಿನ ಗಾಳಿ ಗುಳಕ್ ಎಂದು ನೀರನ್ನು ಮುಖಕ್ಕೇ ವಾಪಸು ಉಗಿಯುತ್ತದೆ. ಅತ್ತೆ ಅವಸರ ಮಾಡುತ್ತಿರಲಿಲ್ಲ. ಕಿವಿಯನ್ನು ಗಾಡಿಯ ಪಕ್ಕೆಗೆ ಹಚ್ಚಿ ನಿಲ್ಲುವರು. ಟ್ಯಾಂಕು ತುಂಬುತ್ತಾ ಬಂದ ಹಾಗೆ ನೀರಿನ ಸದ್ದು ಸಣ್ಣಗಾಗುತ್ತದಂತೆ. ಸದ್ದು ನಿಂತರೆ ಸಾಕು. ಮತ್ತೆ ಮುಚ್ಚಳ ಹಾಕಿ, ಬಟ್ಟೆ ಹಿಂಡಿ, ನಾನು ಒರೆಸಿದ ನೆಲದ ಮೇಲೆ ಹೆಜ್ಜೆ ಮೂಡಿಸುತ್ತಾ ಒಳಗೆ ಬರುವರು.

ನಮ್ಮ ಮಾವ ಪ್ಲಂಬರ್. ನಗಬೇಡಿ. ಊರಿನ ಅರ್ಧ ನಲ್ಲಿಗಳಿಗೆ ವಾಷರ್ ಹಾಕಿದವರು ಅವರೇ. ಅವರ ಕೆಲಸದ ವ್ಯಾನಿನಲ್ಲಿ ಸುರುಳಿ ಸುತ್ತಿದ ಉದ್ದನೆಯ ಪೈಪು ಸದಾ ಇರುತ್ತದೆ, ಎಳೆದರೆ ಬೀದಿಯ ಆ ತುದಿಗೂ ಬರುತ್ತದೆ. ಮೊದಲನೇ ದಿನವೇ ಮಾವ ಹೇಳಿಬಿಟ್ಟಿದ್ದರು.

"ನೀರು ಬೇಕಾದ್ರೆ ಒಳಗೆ ಬಂದು ಕೇಳ್ಲಿ. ನಾನೇನು ಬೇಡ ಅಂದೆನಾ? ಮನೆ ಮಗಳಿಗೆ ಬೀದೀಲಿ ಪೈಪ್ ಎಳೆದು ಕೊಡೋಕೆ ನಂಗೇನು ಹುಚ್ಚಾ?"

ಅತ್ತೆ ಅಟ್ಟದ ಮೇಲಿಂದ ಕ್ಯಾನು ಇಳಿಸಿದರು. ಊರಿನವರ ಪೈಪೆಲ್ಲ ಸರಿಮಾಡುವ ಮಾವನ ಬಾಯಿ ಮಾತ್ರ ಸದಾ ಸೋರುತ್ತದೆ ಎಂದು ನಾನು ಗಂಡನ ಹತ್ತಿರ ಅಂದಿದ್ದೆ. ಅವನು ನಗಲಿಲ್ಲ. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಯಾರೂ ನಗುತ್ತಿರಲಿಲ್ಲ, ಅಳುತ್ತಲೂ ಇರಲಿಲ್ಲ. ಊಟದ ಹೊತ್ತಿಗೆ ತಟ್ಟೆ ಚಮಚದ ಸದ್ದು ಬಿಟ್ಟರೆ ಇನ್ನೇನೂ ಇಲ್ಲ.

ಕಾರಣ ಹೇಳಿಬಿಡುತ್ತೇನೆ. ನಾದಿನಿಗೆ ಮಗು ಹುಟ್ಟಿತ್ತು, ಹೆಣ್ಣುಮಗು. ಕೆಲವೇ ವಾರ ಇತ್ತು. ಹುಟ್ಟಿದಾಗಲೇ ಹೃದಯದಲ್ಲಿ ಏನೋ ತೊಂದರೆ ಅಂದಿದ್ದರು, ಆಸ್ಪತ್ರೆಯಲ್ಲೇ ಇಟ್ಟುಕೊಂಡಿದ್ದರು, ಅಲ್ಲಿಂದ ವಾಪಸು ಬರಲಿಲ್ಲ. ಮಗುವನ್ನು ಕರೆದುಕೊಂಡು ಊರೂರು ಸುತ್ತಬೇಕೆಂದು ಗಂಡ ಹೆಂಡತಿ ಕೂಡಿ ಕೊಂಡಿದ್ದ ಗಾಡಿ ಅದು. ಎಲ್ಲ ಮುಗಿದ ದಿನ ಅವಳನ್ನು ನಮ್ಮ ಮನೆಗೇ ಕರೆತಂದೆವು. ನಡುಮನೆಯಲ್ಲಿ ಕುಳಿತು ಅವಳು ಅಳುತ್ತಿದ್ದಳು. ಬಾಯಿ ಮುಚ್ಚಿಕೊಂಡು ಅಳುವ ಅಳು ಅಲ್ಲ, ಕೇಳುವವರ ಕರುಳು ಕಿತ್ತುಬರುವಂಥ ಅಳು. ಮಾವನಿಗೆ ಅದನ್ನು ಕೇಳಲು ಆಗಲಿಲ್ಲ. ಎಲ್ಲಾದರೂ ಸೋರಿದರೆ ತಕ್ಷಣ ಬಿಗಿಮಾಡಬೇಕು, ಅದು ಅವರ ಕಸುಬು. ಮಗಳ ತಲೆಯ ಮೇಲೆ ಕೈಯಿಟ್ಟು ಹೇಳಿದರು: "ಅತ್ತು ಏನು ಬರುತ್ತಮ್ಮ, ಹೋಗಿದ್ದು ಹೋಯ್ತು. ಇನ್ನೂ ವಯಸ್ಸಿದೆ, ಇನ್ನೊಂದು ಆಗುತ್ತೆ ಬಿಡು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳ ಅಳು ಅಲ್ಲೇ ನಿಂತಿತು. ಕಣ್ಣೊರೆಸಿಕೊಂಡು ನಮ್ಮೆಲ್ಲರ ಮುಖವನ್ನೂ ಒಂದು ಸುತ್ತು ನೋಡಿದಳು. ಎದ್ದು ಹೊರಗೆ ಹೋದಳು. ಕೆಲವು ತಿಂಗಳ ಮೇಲೆ ಅವಳೂ ಅವಳ ಗಂಡನೂ ಬೇರೆಯಾದರು, ಜಗಳವೇನಿಲ್ಲ, ಒಬ್ಬರ ಮುಖ ಒಬ್ಬರು ನೋಡಿದರೆ ಮಗುವೇ ಕಣ್ಣಿಗೆ ಕಟ್ಟುತ್ತಿತ್ತಂತೆ. ಅವನು ಅವನ ಅಣ್ಣನ ಮನೆಗೆ ಹೋದ, ಇವಳು ಗಾಡಿ ತಂದು ನಮ್ಮ ಬಾಗಿಲ ಮುಂದೆ ನಿಲ್ಲಿಸಿದಳು.

ನಮ್ಮತ್ತೆಯ ಬಗ್ಗೆ ಹೇಳಬೇಕು. ಅವರು ಆಸ್ಪತ್ರೆಯ ಲಾಂಡ್ರಿಯಲ್ಲಿ ದುಡಿದು ನಿವೃತ್ತರಾದವರು. ನೆಲಮಾಳಿಗೆ, ಕಿಟಕಿಯಿಲ್ಲ, ಸುತ್ತ ಬಿಸಿ ಆವಿ, ಮಾತಾಡಿದರೂ ಯಂತ್ರಗಳ ಸದ್ದಿನಲ್ಲಿ ಕೇಳಿಸುವುದಿಲ್ಲ. ಬೆಳಗಿನಿಂದ ಸಂಜೆಯವರೆಗೆ ಹಾಸಿಗೆಯ ಬಟ್ಟೆ ಮಡಿಸುವುದು. ಸತ್ತವರ ಹಾಸಿಗೆಯದೂ ಅದೇ ರಾಶಿಯಲ್ಲಿ, ಹೆತ್ತವರ ಹಾಸಿಗೆಯದೂ ಅದೇ ರಾಶಿಯಲ್ಲಿ. ಮೂಲೆಗೆ ಮೂಲೆ ಸೇರಿಸಿ ಮಡಿಸಿ ಪಕ್ಕಕ್ಕಿಡಬೇಕು, ಯಾರದ್ದು ಎಂದು ಯೋಚಿಸಬಾರದು. ಹಾಗೆ ಯೋಚಿಸದೇ ಇರುವುದನ್ನು ಅವರು ಎಷ್ಟು ಚೆನ್ನಾಗಿ ಕಲಿತಿದ್ದರೆಂದರೆ, ಮನೆಗೆ ಬಂದ ಮೇಲೂ ಅದು ಬಿಡಲಿಲ್ಲ. ಅವರ ಅಮ್ಮ ತೀರಿಕೊಂಡಾಗ ಅಡುಗೆಮನೆಯ ಒರೆಸುಬಟ್ಟೆಗಳನ್ನೆಲ್ಲ ಮಡಿಸಿ ಜೋಡಿಸಿದ್ದರು. ನನ್ನ ಮದುವೆಯ ದಿನವೂ ಅತ್ತೆ ಮೂಲೆಯಲ್ಲಿ ಕುಳಿತು ಮೇಜಿನ ಬಟ್ಟೆ ಮಡಿಸುತ್ತಿದ್ದರು, ಇದೆಂಥ ಕಲ್ಲು ಗೊಂಬೆಯ ಮನೆಗೆ ಬಂದೆನಪ್ಪಾ ಎಂದುಕೊಂಡಿದ್ದೆ.

ಆ ವರ್ಷ ಅವರು ಇನ್ನೂ ಮರಗಟ್ಟಿಹೋಗಿದ್ದರು. ಬಿಸಿ ಟೀ ಕೊಟ್ಟರೆ ಬಾಯಿ ಸುಟ್ಟದ್ದೂ ತಿಳಿಯದೆ ಕುಡಿದುಬಿಡುವರು. ತರಕಾರಿ ಹೆಚ್ಚುವಾಗ ಬೆರಳು ಕೊಯ್ದುಕೊಂಡರೆ ರಕ್ತವನ್ನು ಬೇರೆಯವರದೇನೋ ಎನ್ನುವ ಹಾಗೆ ನೋಡುವರು. ಎಚ್ಚರವಾಗಿ ಮಾಡುತ್ತಿದ್ದ ಕೆಲಸ ಒಂದೇ, ಗಾಡಿಗೆ ನೀರು ತುಂಬಿಸುವುದು. ನಾದಿನಿ ಕೆಲಸಕ್ಕೆ ಹೋದ ಮೇಲೆ ತುಂಬಿಸುವರು. ರಜೆಯ ದಿನ ಅವಳು ಗಾಡಿಯೊಳಗೇ ಇದ್ದರೆ, ಹೊರಗೆ ಅಮ್ಮ, ಒಳಗೆ ಮಗಳು, ನಡುವೆ ಒಂದು ತಗಡು. ಮಗಳು ಬಾಗಿಲು ತೆಗೆಯುತ್ತಿರಲಿಲ್ಲ. ಅಮ್ಮ ತಟ್ಟುತ್ತಿರಲಿಲ್ಲ. ಬೇಡವೆಂದು ಮಗಳು ಹೇಳುತ್ತಲೂ ಇರಲಿಲ್ಲ, ಆ ನೀರಿನಲ್ಲೇ ಸ್ನಾನ, ಆ ನೀರಿನಲ್ಲೇ ಅಡುಗೆ.

ಒಂದು ದಿನ ನನಗೆ ತಡೆಯಲಾಗಲಿಲ್ಲ. ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಮುಚ್ಚಿಡುವುದೇನು.

"ಅತ್ತೆ, ಈ ನೀರು ಹೊರೋ ಬದಲು ಒಂದು ಸಲ ಬಾಗಿಲು ತಟ್ಟಿ, ಒಳಗೆ ಬಾರೇ ಅಂತ ಕರೀಬಾರ್ದಾ? ನಾಲಿಗೆಗೇನು ಭಾರ ಇಲ್ವಲ್ಲ, ಕ್ಯಾನಿನಷ್ಟು?"

ಅತ್ತೆ ನನ್ನನ್ನು ನೋಡಿದರು. "ಟ್ಯಾಂಕು ಅರ್ಧ ಆಗಿದೆ" ಅಂದರು. ಕ್ಯಾನು ಎತ್ತಿಕೊಂಡು ಹೊರಟರು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು ನನ್ನ ಮಾತು. ನೆಲ ಒರೆಸಿದೆ.

ಹೀಗೇ ನಡೆಯುತ್ತಿದ್ದಾಗ ಒಂದು ಸಂಜೆ ನಾದಿನಿ ಅಡುಗೆಮನೆಯ ಕಿಟಕಿಯ ಹೊರಗೆ ಬಂದು ನಿಂತಳು. ಒಳಗೆ ನಾನೂ ಅತ್ತೆಯೂ ಇದ್ದೆವು, ಮಾವ ಮೇಜಿನ ಹತ್ತಿರ ಯಾವುದೋ ನಲ್ಲಿ ಬಿಚ್ಚಿಕೊಂಡು ಕುಳಿತಿದ್ದರು. ಅವಳು ಯಾರ ಕಡೆಗೂ ನೋಡದೆ, ಅಂಗಡಿಯಲ್ಲಿ ಔಷಧಿಯ ಹೆಸರು ಹೇಳುವವಳ ಹಾಗೆ ಹೇಳಿದಳು.

"ನನಗೆ ಬೇರೆ ಕೆಲಸ ಸಿಕ್ಕಿದೆ. ದೂರ. ದೊಡ್ಡ ಗಾಜಿನಮನೆ ಕಟ್ಟಿ ಟೊಮೇಟೊ ಬೆಳೀತಾರಂತೆ, ಅಲ್ಲಿ ಪ್ಯಾಕಿಂಗು. ಗಾಡಿ ನಿಲ್ಲಿಸೋಕೆ ಅವರೇ ಜಾಗ ಕೊಡ್ತಾರೆ. ನಾಳೆ ಬೆಳಿಗ್ಗೆ ಹೊರಡ್ತೀನಿ."

"ಯಾವಾಗ ಬರ್ತೀಯ?" ಎಂದು ನಾನು ಕೇಳಿದೆ.

"ಬರೋದಕ್ಕೆ ಇಲ್ಲೇನಿದೆ ಅತ್ತಿಗೆ?"

ಮಾವ ಬಾಯಿ ತೆರೆದರು. ನಾನು ಅವರನ್ನು ಹೇಗೆ ನೋಡಿದೆನೋ, ಮತ್ತೆ ಮುಚ್ಚಿಕೊಂಡರು. ಅತ್ತೆ ಮಾತ್ರ ತಲೆ ಆಡಿಸಿದರು, ಪಕ್ಕದ ಬೀದಿಗೆ ಹೋಗಿಬರುತ್ತೇನೆಂದು ಯಾರೋ ಹೇಳಿದ ಹಾಗೆ. ನನಗೆ ಒಳಗೊಳಗೇ ಕುದಿಯಿತು. ಹೋಗುತ್ತಿರುವುದು ಕೆಲಸಕ್ಕಲ್ಲ, ಹೀಗೆ ಮನೆಯೊಳಗೆ ಬಾರದೆ ಹೋದವಳು ಮತ್ತೆ ಈ ಕಡೆ ತಲೆ ಹಾಕುವುದಿಲ್ಲ ಎಂಬುದು ಚಿಕ್ಕ ಮಕ್ಕಳಿಗೂ ಅರ್ಥವಾಗುವ ವಿಷಯ. ಹೆತ್ತವಳಿಗೆ ಅರ್ಥವಾಗಲಿಲ್ಲವಲ್ಲ! ಅಷ್ಟರಲ್ಲಿ ಅತ್ತೆ ಎದ್ದು ನಲ್ಲಿ ಬಿಟ್ಟು, ಕ್ಯಾನು ಹಿಡಿದರು. ಈ ಸಲ ಬಾಯಿವರೆಗೂ ತುಂಬಿದರು. ದೂರದ ದಾರಿಯಲ್ಲವೇ ಎಂದುಕೊಂಡು ನಾನು ಸುಮ್ಮನಾದೆ.

ಮಾರನೆಯ ಬೆಳಿಗ್ಗೆ ಗಾಡಿ ಹೊರಟಿತು. ನಾನು ಮೆಟ್ಟಿಲ ಮೇಲೆ ನಿಂತು ಕೈ ಬೀಸಿದೆ. ಅತ್ತೆ ನನ್ನ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರು. ಗಾಡಿ ಬೀದಿಯ ಕೊನೆಯವರೆಗೆ ಹೋಯಿತು. ಚಪ್ಪಲಿ ರಿಪೇರಿ ಅಂಗಡಿಯ ಮುಂದೆ ತಿರುಗುವಾಗ ಒಂದೆರಡು ಸಲ ಕೆಮ್ಮಿತು, ಜಗ್ಗಿತು, ನಿಂತೇಬಿಟ್ಟಿತು. ನಾದಿನಿ ಚಾವಿ ತಿರುಗಿಸುತ್ತಿದ್ದ ಸದ್ದು ನಮಗೆ ಕೇಳಿಸುತ್ತಿತ್ತು. ಗಾಡಿ ಏಳಲಿಲ್ಲ.

ಮೆಕ್ಯಾನಿಕ್ ಬರುವ ಹೊತ್ತಿಗೆ ನಾವೆಲ್ಲ ಅಲ್ಲಿ ಸೇರಿದ್ದೆವು. ಅವನು ಮಾವನಿಗೆ ಹಳೆಯ ಪರಿಚಯ, ಮಾತಿನ ಮಲ್ಲ. ಗಾಡಿಯ ಕೆಳಗೆ ಮಲಗಿ ಫಿಲ್ಟರಿನ ಕೆಳಗಿದ್ದದ್ದನ್ನು ಒಂದು ಗಾಜಿನ ಬಾಟಲಿಗೆ ಇಳಿಸಿಕೊಂಡ. ಹೊರಗೆ ಬಂದು ಬಾಟಲಿಯನ್ನು ಬೆಳಕಿಗೆ ಹಿಡಿದ. ಮೇಲೆ ತೆಳ್ಳಗೆ ಡೀಸೆಲ್, ಕೆಳಗೆಲ್ಲ ನೀರು.

"ಯಾರ್ರೀ ಇದು, ಡೀಸೆಲ್ ಟ್ಯಾಂಕಿಗೆ ನೀರು ಹುಯ್ದಿದ್ದು? ಒಂದು ಲೋಟ ಎರಡು ಲೋಟ ಆಗಿದ್ರೆ ಮಳೆ ನೀರು ಅನ್ನಬಹುದಿತ್ತು. ಇದು ಸ್ನಾನಕ್ಕೇ ಹುಯ್ದಹಾಗಿದೆ. ಟ್ಯಾಂಕು ಇಳಿಸಬೇಕು, ಪೈಪೆಲ್ಲ ತೊಳೀಬೇಕು. ಇವತ್ತು ನಾಳೆ ಆಗೋ ಕೆಲಸ ಅಲ್ಲ."

ಎಲ್ಲರೂ ಅತ್ತೆಯ ಕಡೆ ನೋಡಿದೆವು. ನೋಡಿದ ತಕ್ಷಣ ಎಲ್ಲರೂ ಬೇರೆ ಕಡೆ ತಿರುಗಿದೆವು. ಅತ್ತೆಯ ಪರ ವಹಿಸಿಕೊಂಡು ಮೊದಲು ಮಾತಾಡಿದವರು ಮಾವ, ಆಶ್ಚರ್ಯ ಅಂದರೆ ಅದೇ. "ವಯಸ್ಸಾಯ್ತಲ್ಲಪ್ಪ, ಕಣ್ಣು ಸರಿಯಾಗಿ ಕಾಣಲ್ಲ. ಎರಡು ಮುಚ್ಚಳಾನೂ ಪಕ್ಕಪಕ್ಕದಲ್ಲೇ ಇಟ್ಟಿದ್ದಾರೆ, ಯಾವ ಮುಠ್ಠಾಳ ಮಾಡಿದ್ನೋ" ಅಂದರು. ನಾನೂ ಸೇರಿಸಿದೆ, ಸಂಜೆ ಹೊತ್ತು, ಮಬ್ಬುಗತ್ತಲೆ, ಯಾರಿಗಾದರೂ ತಪ್ಪುತ್ತಿತ್ತು ಎಂದು. ಮೆಕ್ಯಾನಿಕ್ ಕೂಡ, ಇದೇನು ಮೊದಲನೇ ಸಲ ನೋಡುತ್ತಿರುವುದಲ್ಲ, ಕ್ಯಾಂಪರ್ ಇಟ್ಟವರೆಲ್ಲ ಒಂದು ಸಲ ಮಾಡುವ ತಪ್ಪೇ ಇದು ಅಂದ. ನಾದಿನಿ ಗಾಡಿಗೆ ಒರಗಿ, "ಹೋಗ್ಲಿ ಬಿಡಿ" ಅಂದಳು. ಅತ್ತೆ ತಲೆ ಆಡಿಸಿಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ಕಣ್ಣು ಚೆನ್ನಾಗೇ ಕಾಣುತ್ತೆ" ಅಂದರು ಅತ್ತೆ. "ಗೊತ್ತಿದ್ದೇ ಹುಯ್ದೆ."

ಮೆಕ್ಯಾನಿಕ್ ಬಾಟಲಿ ಕೆಳಗಿಟ್ಟ. ಒಂದು ಸೈಕಲ್ಲು ಗಂಟೆ ಬಾರಿಸುತ್ತಾ ನಮ್ಮನ್ನು ಬಳಸಿಕೊಂಡು ಹೋಯಿತು. ನಾದಿನಿ ಅಮ್ಮನ ಮುಖವನ್ನು ನೇರವಾಗಿ ನೋಡಿದಳು. ಆ ಒಂದು ವರ್ಷದಲ್ಲಿ ಅದೇ ಮೊದಲು.

"ಯಾಕೆ?"

"ನೀನು ಹೋಗಬಾರ್ದು ಅಂತ."

"ಹೋಗಬೇಡ ಅಂತ ಬಾಯಲ್ಲಿ ಹೇಳಬಹುದಿತ್ತಲ್ಲಮ್ಮ."

ಅತ್ತೆಗೆ ಹೇಳಲು ಬರುತ್ತಿರಲಿಲ್ಲ, ಅಷ್ಟೆ. ಬೇರೆಯವರಿಗೆ ಈಜು ಬಾರದ ಹಾಗೆ ಇವರಿಗೆ ಮಾತು ಬಾರದು. ಆದರೆ ನಾದಿನಿ ಅಲ್ಲಿಗೆ ಬಿಡಲಿಲ್ಲ.

"ಅವತ್ತೂ ನೀನು ಹೇಳಬಹುದಿತ್ತು. ಅಪ್ಪ ಅಂದಿದ್ದು ನನಗೆ ನೆನಪೂ ಇರ್ತಿರಲಿಲ್ಲ. ಅಪ್ಪ ಇರೋದೇ ಹಾಗೆ, ನಂಗೇನು ಹೊಸದಾ? ನಾನು ನಿನ್ನ ನೋಡ್ತಿದ್ದೆ. ನೀನು ಏನಾದ್ರೂ ಅಂತೀಯ ಅಂತ. ಹಾಗನ್ನಬೇಡಿ ಅಂತೀಯ, ನನ್ನ ಹತ್ರ ಬರ್ತೀಯ, ಅಳ್ತೀಯ, ಏನೋ ಒಂದು. ನೀನು ಬಟ್ಟೆ ಮಡಿಸ್ತಾ ಇದ್ದೆ. ನನ್ನ ಮಗೂನ ಹೊದಿಕೆ. ಮೂಲೆಗೆ ಮೂಲೆ ಸೇರಿಸಿ ಮಡಿಸ್ತಾ ಇದ್ದೆ."

ನಾನು ಅಲ್ಲೇ ಇದ್ದೆ ಆ ದಿನ. ಅತ್ತೆ ಮಡಿಸುತ್ತಿದ್ದದ್ದು ನನಗೂ ಕಂಡಿತ್ತು, ಆದರೆ ಅವರು ಯಾವಾಗಲೂ ಮಡಿಸುತ್ತಾರಲ್ಲ. ಇಡೀ ವರ್ಷ ನಾವೆಲ್ಲ ಮಾವನನ್ನು ಬೈದುಕೊಂಡೆವು. ಮಾವನಿಗೂ ಅದು ಗೊತ್ತಿತ್ತು, ಆ ಮಾತು ಅವರಿಗೆ ಬಿಸಿ ತುಪ್ಪವಾಗಿತ್ತು, ನುಂಗಲೂ ಆಗದು, ಉಗುಳಲೂ ಆಗದು. ಈಗ ನೋಡಿದರೆ ಮಗಳು ಬಾಗಿಲು ಹಾಕಿಕೊಂಡಿದ್ದದ್ದು ಅಪ್ಪನ ಮೇಲಿನ ಸಿಟ್ಟಿಗಲ್ಲ. ದಿನವೂ ಹೊರಗೆ ನಿಂತು ನೀರು ತುಂಬಿಸುತ್ತಿದ್ದವಳ ಮೇಲಿನ ಸಿಟ್ಟಿಗೆ.

ಅತ್ತೆಯ ಮುಖದಲ್ಲಿ ಏನೂ ಬದಲಾಗಲಿಲ್ಲ. "ಹೌದು" ಅಂದರು, "ಮಡಿಸ್ತಿದ್ದೆ." ತಿರುಗಿ ಮನೆಯ ಕಡೆ ನಡೆದರು.

ಮೆಕ್ಯಾನಿಕ್ ಗಾಡಿಗೆ ಹಗ್ಗ ಕಟ್ಟಿ ಗ್ಯಾರೇಜಿಗೆ ಎಳೆದುಕೊಂಡು ಹೋದ. ಮುಂದೆ ಅದು ರಿಪೇರಿಯಾಯಿತು, ನಾದಿನಿ ಆ ಕೆಲಸಕ್ಕೂ ಹೋದಳು, ಈಗಲೂ ಅಲ್ಲೇ ಇದ್ದಾಳೆ. ಅದೆಲ್ಲ ಆಮೇಲಿನ ಮಾತು. ಆ ಮಧ್ಯಾಹ್ನ ಅವಳ ಹತ್ತಿರ ಒಂದು ಚೀಲ ಬಿಟ್ಟರೆ ಇನ್ನೇನೂ ಇರಲಿಲ್ಲ. ಹೋಗಲು ಜಾಗವಿಲ್ಲದೆ ನಮ್ಮ ಮನೆಯ ಮೆಟ್ಟಿಲ ಮೇಲೆ, ಬಾಗಿಲಿಗೆ ಬೆನ್ನು ಹಾಕಿ ಕುಳಿತಳು. ಒಳಗೆ ಬಾ ಎಂದು ನಾನು ಕರೆದೆ, ಗಂಡನೂ ನಿದ್ದೆಗಣ್ಣಿನಲ್ಲಿ ಎದ್ದುಬಂದು ಕರೆದ. "ಇಲ್ಲೇ ಸರಿಯಾಗಿದೆ" ಅಂದಳು. ಮಾವ ನಡುಮನೆಯ ಕುರ್ಚಿಯಲ್ಲಿ ಕುಳಿತು ತಮ್ಮ ಅಂಗೈಗಳನ್ನೇ ನೋಡಿಕೊಳ್ಳುತ್ತಿದ್ದರು. ನಾನು ಬ್ರೆಡ್ಡು ಟೀ ಮೆಟ್ಟಿಲಿಗೇ ಕೊಟ್ಟು ಬಂದೆ, ಅದು ಅಲ್ಲೇ ಆರಿತು.

ಸಂಜೆಯಾಗುತ್ತಾ ಬಂದಾಗ ಅಡುಗೆಮನೆಯಲ್ಲಿ ನಲ್ಲಿಯ ಸದ್ದಾಯಿತು. ಹೋಗಿ ನೋಡಿದರೆ ಅತ್ತೆ ಕ್ಯಾನಿಗೆ ನೀರು ಹಿಡಿಯುತ್ತಿದ್ದಾರೆ. ಗಾಡಿ ಇಲ್ಲವಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ, ನಂಬಿದರೆ ನಂಬಿ, ನನಗೇ ಬಾಯಿ ಬರಲಿಲ್ಲ. ಅವರು ಕ್ಯಾನು ಎತ್ತಿಕೊಂಡು, ಆಲಿಕೆ ಬಟ್ಟೆ ಕಂಕುಳಲ್ಲಿಟ್ಟುಕೊಂಡು, ನನ್ನನ್ನು ದಾಟಿ, ಮಾವನನ್ನು ದಾಟಿ ಹೊಸ್ತಿಲವರೆಗೆ ಹೋದರು. ಎದುರಿಗೆ ರಸ್ತೆಯ ಅಂಚು ಖಾಲಿ. ಗಾಡಿ ನಿಂತಿದ್ದ ಕಡೆ ಎಣ್ಣೆಯ ಒಂದು ಕಲೆ, ಒಂದಿಷ್ಟು ಒಣ ಎಲೆ. ಕ್ಯಾನು ಹಿಡಿದುಕೊಂಡೇ ಅವರು ಅದನ್ನು ನೋಡುತ್ತಾ ನಿಂತರು, ಎಲ್ಲಿ ಸುರಿಯಬೇಕೋ ತಿಳಿಯದವರ ಹಾಗೆ. ಆಮೇಲೆ ನಿಧಾನವಾಗಿ ಕ್ಯಾನನ್ನು ಕೆಳಗಿಟ್ಟರು. ಅವರ ಗಂಟಲಿನಿಂದ ಒಂದು ಸದ್ದು ಬಂತು. ಅಂಥ ಸದ್ದು ಅವರಿಂದ ನಾನು ಕೇಳಿರಲಿಲ್ಲ. ಉಸಿರು ಕಟ್ಟಿತೇನೋ ಎಂದು ಹೆದರಿ ಓಡಿದೆ. ಅವರು ಅಳುತ್ತಿದ್ದರು.

ಅಳಲು ಅವರಿಗೆ ಗೊತ್ತೂ ಇರಲಿಲ್ಲ. ಮುಖ ಮುಚ್ಚಿಕೊಳ್ಳಲಿಲ್ಲ, ಕಣ್ಣೊರೆಸಿಕೊಳ್ಳಲಿಲ್ಲ, ಕೈಗಳನ್ನು ಎರಡೂ ಪಕ್ಕಕ್ಕೆ ಇಳಿಬಿಟ್ಟು ನಿಂತಲ್ಲೇ ಜೋರಾಗಿ ಅತ್ತರು. ಮಾವ ಗಾಬರಿಯಾಗಿ ಎದ್ದು ಬಂದರು. ಪಾಪ, ಅವರ ಹತ್ತಿರ ಇದ್ದದ್ದು ಆ ಒಂದೇ ಸಲಕರಣೆ.

"ಅತ್ತು ಏನು ಬರುತ್ತೆ..." ಎಂದು ಶುರುಮಾಡಿದರು.

"ನೀವು ಸುಮ್ಮನಿರಿ!" ಅಂದರು ಅತ್ತೆ. ಬೀದಿಯ ಆಚೆಯ ಮನೆಯ ಕಿಟಕಿ ತೆರೆದುಕೊಂಡಿತು, ಅಷ್ಟು ಜೋರು. "ಇನ್ನೊಂದು ಆಗಲ್ಲ. ಹತ್ತು ಆದ್ರೂ ಯಾವುದೂ ಆ ಮಗು ಆಗಲ್ಲ. ನನ್ನ ಮೊಮ್ಮಗಳು ಸತ್ತುಹೋದ್ಲು. ನಾನು ಅಳ್ತೀನಿ."

ಮಾವ ಬಾಗಿಲ ಚೌಕಟ್ಟಿಗೆ ಒರಗಿ ನಿಂತರು. ನನ್ನ ಕಣ್ಣಲ್ಲೂ ನೀರು, ಇನ್ನು ನನ್ನ ಗಂಡನ ವಿಷಯ ಹೇಳುವುದೇ ಬೇಡ, ಗೋಡೆಗೆ ಮುಖ ಮಾಡಿ ನಿಂತಿದ್ದ.

ಮೆಟ್ಟಿಲ ಮೇಲಿದ್ದ ನಾದಿನಿ ತಿರುಗಿ ನೋಡಿದಳು. ನೋಡುತ್ತಲೇ ಕುಳಿತಿದ್ದಳು. ಆಮೇಲೆ ಎದ್ದಳು. ಮೆಟ್ಟಿಲು ಹತ್ತಿ ಅಮ್ಮನ ಮುಂದೆ ನಿಂತು, ಅವರ ಎರಡೂ ಕೈಗಳನ್ನು ಹಿಡಿದುಕೊಂಡಳು.

"ಬಾ ಅಮ್ಮ" ಅಂದಳು. "ಒಳಗೆ ಹೋಗೋಣ."

ನಾನು ದಾರಿ ಬಿಟ್ಟು ನಿಂತೆ.